ನಾಲ್ಕನೇ ನಂಬರಿನ ಹಂದಿ

ಅಕ್ಕೋಳದ ನಾಮದೇವನದು ತಲೆತಲಾಂತರದಿಂದ ಕುರಿ ಕಾಯುವ ಮನೆತನ. ಅಂಥವನು ನಿಪ್ಪಾಣಿ ಹತ್ತಿರದ ಸಂಶೋಧನಾ ಕೇಂದ್ರದಲ್ಲಿ ಹಂದಿ ನೋಡಿಕೊಳ್ಳುವ ಕೆಲಸಕ್ಕೆ ಸೇರಿದಾಗ ಊರು ಹೊಟ್ಟೆ ತುಂಬ ನಕ್ಕಿತು. ತಾಯಿ ಸಾವಿತ್ರೆವ್ವ ನಗಲಿಲ್ಲ. ಹಿತ್ತಲಲ್ಲಿ ಸ್ನಾನ ಮಾಡದೆ ಒಳಗೆ ಕಾಲಿಡಬೇಡ ಎಂದು ತಾಕೀತು ಮಾಡಿದಳು. ಎರಡು ವರ್ಷದಲ್ಲಿ ಊರಿನ ನಗುವೂ ಹಿತ್ತಲಿನ ತಣ್ಣೀರೂ ರೂಢಿಯಾದವು.

ಕೇಂದ್ರದಲ್ಲಿ ಡಾಕ್ಟರ್ ಮಾಯಾ ಹಂದಿಗೆ ಮಂಪರು ಕೊಟ್ಟು ಮಲಗಿಸಿ, ಮೂತ್ರದ ದಾರಿಯಲ್ಲಿ ಸಣ್ಣ ದುರ್ಬೀನು ತೂರಿಸಿ, ಕಿಡ್ನಿಯಿಂದ ಇಳಿಯುವ ನಾಳದೊಳಗೆ ಹೊಸ ಬಗೆಯ ಕೊಳವೆ ಕೂರಿಸುತ್ತಿದ್ದರು. ಹಂದಿಯ ಕಿಡ್ನಿ ಮನುಷ್ಯರದಕ್ಕೆ ಬಹಳ ಹತ್ತಿರವಂತೆ. ಹಂದಿಗೆ ಒಗ್ಗಿದ್ದು ಮುಂದೆಂದೋ ಮನುಷ್ಯರಿಗೂ ಬರುತ್ತದೆ. ನಾಮದೇವನ ಕೆಲಸ ಆಮೇಲಿನದು. ಉಚ್ಚೆ ಅಳೆದು ಬರೆಯಬೇಕು. ತಿನ್ನುವುದರಲ್ಲಿ, ಮಲಗುವುದರಲ್ಲಿ ಫರಕು ಕಂಡರೆ ಕೂಡಲೇ ಹೇಳಬೇಕು.

ಅಳೆಯುವುದೇನೋ ಅವನು ಚಾಚೂ ತಪ್ಪದೆ ಅಳೆದ. ಹೇಳುವುದು ಆಗಲಿಲ್ಲ. ಅವನ ಮನೆತನದಲ್ಲಿ ಒಂದು ಕಟ್ಟಳೆ: ಕುರಿದಡ್ಡಿಯ ಬಳಿ ನಿಂತು ಯಾವ ಜೀವಕ್ಕೂ ಬೇನೆ ಎನ್ನಬಾರದು. ಅಂದರೆ ಬೇನೆ ತನ್ನ ಹೆಸರು ಕೇಳಿಸಿಕೊಂಡು ಅಲ್ಲೇ ಬೀಡುಬಿಡುತ್ತದೆ. ಕುಂಟುವ ಕುರಿಯೂ ಚೊಲೋ ಇದೆ, ಕೆಮ್ಮುವ ಮುದುಕನೂ ಚೊಲೋ ಇದ್ದಾನೆ. ಮದ್ದನ್ನು ಸದ್ದಿಲ್ಲದೆ ಅರೆಯಬೇಕು. ಎಂಥ ಜಾಣತನ ನೋಡಿ! ನಾಮದೇವನಿಗೆ ಹಂದಿಗೂಡೂ ಒಂದು ದಡ್ಡಿಯೇ. ನಾಲ್ಕನೇ ನಂಬರಿನ ಹಂದಿ ಮೂರು ದಿನ ಸೊರಗಿದರೂ ಡಾಕ್ಟರು ಕೇಳಿದಾಗಲೆಲ್ಲ ನಾಮದೇವ, "ಚೊಲೋ ಐತ್ರಿ ಮೇಡಂ" ಎಂದ. ಕೊಳವೆ ಕೂರಿಸಿದ ಒಂಬತ್ತನೆಯ ದಿನ ಬೆಳಿಗ್ಗೆ ಅದು ಸತ್ತುಬಿದ್ದಿತ್ತು.

ಮಾಯಾ ಅದರ ಬಲಗಿಡ್ನಿಯನ್ನು ತಟ್ಟೆಯಲ್ಲಿಟ್ಟು ಕೊಯ್ದು ತೋರಿಸಿದರು. ಒಳಗೆಲ್ಲ ಕೀವು.

"ಬಲಬಾಜೂ ಊರಿ ಮಲಗ್ತಿರಲಿಲ್ಲ, ಹೌದಲ್ಲ?"

"ಹೌದ್ರಿ."

"ತಿನ್ನೂದ ಬಿಟ್ಟಿತ್ತು? ಸಂಜಿಗೆ ನಡಗ್ತಿತ್ತು?"

"ಎಲ್ಲಾ ಕಂಡಿತ್ರಿ."

"ಮತ್ಯಾಕ ಹೇಳ್ಲಿಲ್ಲ?"

"ನಮ್ಮಾಗ ಹಂಗ ಹೇಳೂದಿಲ್ರಿ."

ಮಾಯಾ ಬೈಯಲಿಲ್ಲ. "ಮೊದಲನೇ ದಿನಾನ ಹೇಳಿದ್ರ ಕೊಳವಿ ತಗೀತಿದ್ದೆ, ಬದಕ್ತಿತ್ತು. ಮನಷ್ಯಾರಿಗೂ ಹಿಂಗ ಆಕ್ಕೈತಿ ನಾಮದೇವ. ಒಂದ ಬಾಜೂ ದಾರಿ ಕಟ್ಟಿ ಕಿಡ್ನಿ ಕೊಳ್ಯಾಕತ್ತಿರತೈತಿ, ಇನ್ನೊಂದ ಬಾಜೂದಿಂದ ಉಚ್ಚಿ ಬರೂದ ಬರತೈತಿ. ಮಂದೀಗೆ ಗೊತ್ತಾಗೂದಿಲ್ಲ."

ನಾಮದೇವ ತಟ್ಟೆ ತೊಳೆದಿಟ್ಟ. ಎಡಮಗ್ಗುಲಿಗೇ ಮಲಗುವುದು, ಅರ್ಧ ರೊಟ್ಟಿ ಬಿಟ್ಟು ಏಳುವುದು, ಸಂಜೆಯಾದರೆ ಕಂಬಳಿ ಹೊದೆಯುವುದು: ಹಂದಿಯಲ್ಲಿ ಮೂರು ದಿನ ಕಂಡ ಚಿಹ್ನೆಗಳೇ ಹೆಂಡತಿ ಅನುಸೂಯಾಳಲ್ಲಿ ಹೀಗೆ ಎಷ್ಟು ದಿನದಿಂದಲೋ ಕಂಡಿದ್ದವು. ಗಾಬರಿಯಾಗಬೇಕಿತ್ತು, ಆಗಲಿಲ್ಲ. ರಜೆ ಹೇಳಿ ಬೈಕು ಹತ್ತಿದ.

ಅನುಸೂಯಾ ದಡ್ಡಿಯಲ್ಲಿ ಕಸ ಹೊಡೆಯುತ್ತಿದ್ದಳು. ಸ್ನಾನವನ್ನೂ ಮಾಡದೆ ಬಂದು ನಿಂತ ಗಂಡನನ್ನು ಕಂಡು ಪೊರಕೆ ನಿಲ್ಲಿಸಿದಳು.

"ನಡಿ, ದವಾಖಾನಿಗೆ ಹೋಗೂನು."

"ಯಾರಿಗೇನಾಗೇತ್ರಿ?"

"ನಿನಗ ಬ್ಯಾನಿ ಐತಿ."

"ಬಾಯಾಗ ಮಣ್ಣ ಹಾಕ!" ಸಾವಿತ್ರೆವ್ವ ಕಟ್ಟೆಯಿಂದ ಎದ್ದೇ ಬಂದಳು. "ದಡ್ಡ್ಯಾಗ ನಿಂತ ಎಂಥಾ ಮಾತಾಡ್ತಿ ಲೇ!"

"ಬ್ಯಾನಿ ಐತಿ ಯವ್ವಾ," ಎಂದು ಅವನು ಇನ್ನಷ್ಟು ಗಟ್ಟಿಯಾಗಿ ಹೇಳಿದ. ಅನುಸೂಯಾ ಕೈ ತೊಳೆದುಕೊಂಡು ಬೈಕಿನ ಹಿಂದೆ ಕೂತಳು.

ನಿಪ್ಪಾಣಿಯ ದವಾಖಾನೆಯಲ್ಲಿ ಸ್ಕ್ಯಾನ್ ಆಯಿತು. ಬಲಗಡೆ ನಾಳದಲ್ಲಿ ಹರಳು ಸಿಕ್ಕಿಕೊಂಡಿದೆ, ಆ ಕಿಡ್ನಿ ಸತ್ತಿದೆ, ತೆಗೆಯಲೇಬೇಕು ಎಂದರು ಡಾಕ್ಟರು. ಮೊದಲೇ ಬಂದಿದ್ದರೆ ದುರ್ಬೀನಿನಲ್ಲಿ ಹರಳು ತೆಗೆದರೆ ಮುಗಿಯುತ್ತಿತ್ತಂತೆ.

"ನೋವು ಯಾವಾಗಿಂದ ಐತಿ?" ಎಂದು ಅವರು ನಾಮದೇವನನ್ನು ಕೇಳಿದರು. ಹಂದಿಯ ಒಂಬತ್ತು ದಿನದ ಉಚ್ಚೆಯ ಅಳತೆ ಅವನ ನಾಲಿಗೆ ತುದಿಯಲ್ಲಿತ್ತು. ಅವನು ಹೆಂಡತಿಯ ಕಡೆ ತಿರುಗಿದ.

ಅನುಸೂಯಾಳೇ ಹೇಳಿದಳು. "ಹ್ವಾದ ವರ್ಷ ತಂಬಾಕ ಕಡ್ಯಾಕ ಹೋದಾಗಿಂದ್ರಿ. ಅವತ್ತ ಸಂಜೀಕ ಇವರಿಗೆ ಹೇಳಿದ್ನಿ. ದಡ್ಡಿ ಮುಂದ ಹಂಗ ಅನಬ್ಯಾಡ ಅಂದ್ರು. ಮುಂದ ನಾ ಹೇಳ್ಲಿಲ್ರಿ."

ಅವಳ ದನಿಯಲ್ಲಿ ಸಿಟ್ಟಿರಲಿಲ್ಲ. ಡಾಕ್ಟರು ಬರೆದುಕೊಂಡರು. ತಾನು ಆ ಮಾತು ಆಡಿದ್ದು ನಾಮದೇವನಿಗೆ ನೆನಪೇ ಇರಲಿಲ್ಲ.