ಶೇಡಿಯ ಮೇಲೆ ಕೂತ ಗುಡ್ಡ

ಹಿತ್ತಲು ದೊಡ್ಡದಾಗಬೇಕೆಂದು ಮನೆಯ ಹಿಂದಿನ ಗುಡ್ಡದ ಬುಡ ಕಡಿಯುವುದು ನಮ್ಮ ಕಡೆಯವರಿಗೊಂದು ಹುಚ್ಚು. ಧಾರೇಶ್ವರದ ಹತ್ತಿರದ ಶುಕ್ರನೂ ಕಡಿದ. ಎರಡು ಆಳು ಎತ್ತರ, ಗೋಡೆಯ ಹಾಗೆ ನೆಟ್ಟಗೆ. ಮೇಲೆ ಕೆಂಪು ಚಿರೇಕಲ್ಲು, ಬುಡದಲ್ಲಿ ಬೆಳ್ಳನೆಯ ಶೇಡಿ ಮಣ್ಣು. ಗೋಡೆಗೆ ಬಳಿಯುವ ಶೇಡಿ ಹಿತ್ತಲಲ್ಲೇ ಸಿಕ್ಕಿತೆಂದು ಅವನ ಹೆಂಡತಿ ಗಂಗೆಗೆ ಖುಷಿಯೋ ಖುಷಿ. ಬುಟ್ಟಿಗಟ್ಟಲೆ ಬಗೆದಳು.

ಕಡಿದ ಗುಡ್ಡಕ್ಕೆ ಹತ್ತಿರವೇ ಮನೆಯ ಹಿಂದಿನ ಕೋಣೆ. ಅಲ್ಲಿ ಮಗಳು ರೇಖಾ, ಹನ್ನೆರಡು ದಿನದ ಬಾಣಂತಿ. ಪಕ್ಕದಲ್ಲಿ ಕೂಸು.

ಅದು ೨೦೦೬ರ ಜೂನ್. ಮಳೆ ಹಿಡಿದ ಮೂರನೆಯ ದಿನ ಕೂಸು ನೋಡಲು ನೆರೆಮನೆಯ ಮಾಸ್ತಮ್ಮ ಬಂದಳು. ಇಪ್ಪತ್ತು ವರ್ಷ ಚಿರೇಕಲ್ಲಿನ ಕ್ವಾರಿಯಲ್ಲಿ ದುಡಿದವಳು. ಹಿತ್ತಲಿಗೆ ಹೋದವಳು ಹಾಗೇ ನಿಂತುಬಿಟ್ಟಳು. ಗುಡ್ಡದ ನೆತ್ತಿಯಲ್ಲಿ ಬೆರಳು ತೂರುವಷ್ಟು ಬಿರುಕು. ಬುಡದಿಂದ ಹಾಲಿನಂಥ ನೀರು ಒಸರುತ್ತಿತ್ತು.

“ಶುಕ್ರ, ಬಾಣಂತೀನ ಈಗ್ಲೇ ನಮ್ಮನೆಗೆ ಕರ್ಕಂಡು ಬಾ.”

“ಎಂತಕೆ? ಕಲ್ಲಿನ ಗುಡ್ಡ ಅಕ್ಕ ಅದು. ನಮ್ಮಜ್ಜನ ಕಾಲದಿಂದ ಅಲ್ಲೇ ಅದೆ.”

“ನಿಮ್ಮಜ್ಜ ಅದರ ಕಾಲು ಕಡಿದಿದ್ನ? ಚಿರೇಕಲ್ಲಿಗೆ ಮೈಯೆಲ್ಲ ತೂತು, ಮಳೆನೀರು ಇಳೀತದೆ. ಕೆಳಗೆ ಶೇಡಿ, ನೀರು ಅಲ್ಲೇ ನಿಲ್ತದೆ. ನೆನೆದ ಶೇಡಿ ಗುಡ್ಡ ಹೊರೂದಿಲ್ಲ.”

“ಓಹೋ, ದೊಡ್ಡ ಇಂಜಿನಿಯರು ಬಂದ್ಲು! ಬಾಣಂತಿಗೆ ಗಾಳಿ ತಾಗಿದ್ರೆ ನೀ ನೋಡ್ಕಂತ್ಯ?”

“ಗುಡ್ಡ ತಾಗೂದಕ್ಕಿಂತ ಗಾಳಿ ತಾಗಿದ್ರೆ ಅಡ್ಡಿಲ್ಲ ಮಾರಾಯ!”

ಗಂಗೆ ಹಿಂದಿನ ದಿನ ಮಡಕೆಯಲ್ಲಿ ನೆನೆಹಾಕಿದ್ದ ಶೇಡಿಗೆ ಕೈ ಹಾಕಿದಳು. ಹಾಕುವಾಗ ಕಲ್ಲಿನಂಥ ಹೆಂಟೆ. ಈಗ ಅಂಬಲಿ. ಮುಷ್ಟಿ ಹಿಡಿದರೆ ಬೆರಳ ಸಂದಿಯಿಂದ ಜಾರಿಹೋಯಿತು.

“ಹೋಯ್, ಇಲ್ನೋಡಿ. ಇದರ ಮೇಲೆ ಗುಡ್ಡ ಕೂತದೆ” ಎಂದವಳೇ ಒಳಗೆ ಹೋಗಿ ಮಗಳಿಗೆ ಕಂಬಳಿ ಹೊದೆಸಿ ಹೊರಗೆ ಕರೆತಂದಳು. ಶುಕ್ರ ಗೊಣಗುತ್ತಲೇ ಕೂಸನ್ನು ಎದೆಗವಚಿಕೊಂಡ. ಕೊಡೆಯನ್ನು ಪೂರಾ ಅದಕ್ಕೇ ಹಿಡಿದು, ತಾನು ತೊಯ್ಯುತ್ತ ಮಾಸ್ತಮ್ಮನ ಮನೆಗೆ ನಡೆದ.

ಮರುದಿನ ಮಧ್ಯಾಹ್ನ ಗುಡ್ಡ ಜಾರಿತು. ಹಿಂದಿನ ಕೋಣೆಯಲ್ಲಿ ಮಾಡಿನವರೆಗೆ ಮಣ್ಣು. ಶುಕ್ರ ಮಾಸ್ತಮ್ಮನ ಮುಂದೆ ನಿಂತು ಕೈ ಮುಗಿದ.

“ಆತು ಬಿಡ. ಮೊದ್ಲು ಗಂಜಿ ಉಣ್ಣು” ಎಂದಳು ಅವಳು.

ಭಟ್ಕಳದಿಂದ ಕುಮಟಾದವರೆಗೆ ಇಂಥ ಗುಡ್ಡಗಳು ಬೇಕಾದಷ್ಟಿವೆ. ಆದ್ದರಿಂದ ನೇರವಾಗಿಯೇ ಹೇಳುತ್ತೇನೆ. ಗುಡ್ಡದ ಬುಡ ನೆಟ್ಟಗೆ ಕಡಿಯಬೇಡಿ. ಕಡಿದಾಗಿದ್ದರೆ, ನೆತ್ತಿಯ ನೀರು ಬೇರೆ ಕಡೆ ಹರಿಯುವಂತೆ ಮಳೆಗೆ ಮುಂಚೆಯೇ ಕಾಲುವೆ ತೋಡಿ. ಬಿರುಕು ಕಂಡರೆ, ಬಿಳಿ ನೀರು ಒಸರಿದರೆ, ಹಾಸಿಗೆ ಪಾತ್ರೆ ಎಂದು ತಡಮಾಡದೆ ಮನೆ ಬಿಡಿ, ಪಂಚಾಯತಿಗೆ ತಿಳಿಸಿ. ನಿಮ್ಮ ಮನೆಯ ಹಿಂದಿನ ಗುಡ್ಡದಡಿ ಎಂಥ ಮಣ್ಣಿದೆ ಗೊತ್ತೇ? ಇದನ್ನು ಓದಿ ಮಡಚಿಡಬೇಡಿ, ಎದ್ದು ಹೋಗಿ ನೋಡಿ.