ತಿದ್ದದ ಪಟ

ಓಕ್‌ಬುನ್ ಅಜ್ಜಿಯ ಮನೆಯಲ್ಲಿ ಸಾರು ಬಿಸಿಬಿಸಿಯಾಗಿ ಬಾಯಿಗೆ ಹೋಗಿ ಎಷ್ಟು ಕಾಲವಾಗಿತ್ತೋ. ಬಟ್ಟಲು ಮೇಜಿನ ಮೇಲೆ ಕೂತ ಕೂಡಲೇ ಸೊಸೆ ಮಿರಾನ್, "ತಡೀರಿ ಅತ್ತೆ, ಯಾರೂ ಮುಟ್ಬೇಡಿ" ಎನ್ನುವಳು. ಮೊದಲು ಸಾರಿನ ಪಟ, ಆಮೇಲೆ ಮಗಳ ಪಟ. ಹದಿನಾರರ ದಾನ್‌ಬಿ ಕಣ್ಣರಳಿಸಿ, ಕೆನ್ನೆ ಒಳಗೆಳೆದುಕೊಂಡು, ಚಮಚ ಹಿಡಿದು ತಿನ್ನುವವಳ ಹಾಗೆ ಕೂರುವಳು. ತಿನ್ನುತ್ತಿರಲಿಲ್ಲ, ಅಷ್ಟೇ.

ಆಮೇಲೆ ತಾಯಿ ಮಗಳಿಬ್ಬರೂ ಮೊಬೈಲಿನ ಮೇಲೆ ಬಾಗಿ ಪಟ ತಿದ್ದುವರು. ದವಡೆ ಸವರಿ ಚೂಪು ಮಾಡಬೇಕು, ಕಣ್ಣು ಹಿಗ್ಗಿಸಬೇಕು, ಗಲ್ಲದ ಮೇಲಿನ ಕಪ್ಪು ಮಚ್ಚೆ ಅಳಿಸಬೇಕು. ಇದೇನು ಅವರೊಬ್ಬರ ಮನೆಯ ಚಾಳಿಯಲ್ಲ. ಕೊರಿಯಾದ ಇಕ್ಸಾನ್ ಊರಿನ ಆ ಅಪಾರ್ಟ್‌ಮೆಂಟಿನಲ್ಲಿ ಹೆಣ್ಣುಮಗುವಿನ ಮೊದಲ ಹುಟ್ಟುಹಬ್ಬದ ಪಟವನ್ನೂ ತಿದ್ದದೆ ಯಾರೂ ನಾಲ್ಕು ಜನರ ಕಣ್ಣಿಗೆ ಬಿಡುತ್ತಿರಲಿಲ್ಲ. ಹೆತ್ತವರಿಗೆ ಹೆಗ್ಗಣ ಮುದ್ದು ಎಂಬ ಮಾತು ಅಲ್ಲಿ ಸತ್ತೇ ಹೋಗಿತ್ತು. ಹಿಂದೆಲ್ಲ ಮುದುಕರು ಹಟ ಹಿಡಿಯುತ್ತಿದ್ದರಂತೆ, ಎಳೆಯರು ಬುದ್ಧಿ ಹೇಳುತ್ತಿದ್ದರಂತೆ. ಈ ಮನೆಯಲ್ಲಿ ಅದೂ ತಲೆಕೆಳಗು, ಹಟ ಎಳೆಯರದು, ಬುದ್ಧಿಮಾತು ಅಜ್ಜಿಯದು.

"ದಾನ್‌ಬಿಯ ಅಮ್ಮಾ, ಆ ಮಚ್ಚೆ ಯಾಕೆ ಅಳಿಸ್ತೀಯೆ? ನಿನ್ನ ಗಂಡನಿಗೂ ಅಲ್ಲೇ ಇದೆಯಲ್ಲ. ನಮ್ಮನೆ ಮಗು ಅನ್ನೋಕೆ ಅದೊಂದು ಗುರುತು."

"ಇದು ನಿಮ್ಮ ಕಾಲ ಅಲ್ಲ ಅತ್ತೆ. ಕೆಲಸಕ್ಕೆ ಹೋದ್ರೂ ಮೊದ್ಲು ಮುಖಾನೇ ನೋಡೋದು. ಮುಖ ಚೆನ್ನಾಗಿಲ್ದೆ ಹಣೆಬರಹ ಎಲ್ಲಿಂದ ಚೆನ್ನಾಗಿರತ್ತೆ?"

"ಪಟ ತಿದ್ದಿದ್ರೆ ಮುಖ ಬದಲಾಗತ್ತೇನೆ? ನಾಳೆ ಮಗು ಆ ಪಟದ ಹಾಗೇ ಆಗ್ತೀನಿ ಅಂತ ಕೂತ್ರೆ?"

"ಆಗ್ಲಿ ಬಿಡಿ, ಒಳ್ಳೇದೇ ಅಲ್ವಾ?"

ಮಗು ಹಾಗೆ ಆಗಲು ಹೊರಟೇಬಿಟ್ಟಿತು. ಸುಗ್ಗಿಯ ಚುಸೊಕ್ ಹಬ್ಬಕ್ಕೆ ಬಂದ ಸೋದರತ್ತೆ ಬಾಗಿಲಲ್ಲೇ ನಿಂತು, "ಅಯ್ಯೋ, ಮೊಬೈಲಲ್ಲಿ ನೋಡಿದ್ದು ಈ ಹುಡುಗೀನೇನಾ? ಅಲ್ಲಿ ಬಿದಿಗೆ ಚಂದ್ರ, ಇಲ್ಲಿ ಪೂರ್ತಿ ಹುಣ್ಣಿಮೆ!" ಎಂದಳು. ಮನೆಯೆಲ್ಲ ನಕ್ಕಿತು. ದಾನ್‌ಬಿಯೂ ನಕ್ಕು, ಕೈಯಲ್ಲಿದ್ದ ಅಕ್ಕಿ ಕಡುಬನ್ನು ತಟ್ಟೆಗೆ ವಾಪಸು ಇಟ್ಟಳು. ಅಲ್ಲಿಂದಾಚೆಗೆ ಆ ಹುಡುಗಿ ಹೊಟ್ಟೆತುಂಬ ಉಂಡದ್ದನ್ನು ಅಜ್ಜಿ ಕಾಣಲಿಲ್ಲ.

ಆ ದಿನಗಳಲ್ಲೇ ಎದುರುಮನೆಯ ಬೊರಾಮ್ ಅಳುತ್ತ ಬಂದಳು. ಅಂಬೆಗಾಲಿನ ದಿನದಿಂದ ದಾನ್‌ಬಿಯ ಜೊತೆಗಾತಿ ಅವಳು.

"ನೋಡಿ ಅಜ್ಜಿ, ಇಬ್ರೂ ಕೂತು ತೆಗೆದ ಪಟ. ತನ್ನ ಮುಖ ಮಾತ್ರ ತಿದ್ಕೊಂಡು, ನಂದನ್ನ ಹಾಗೇ ಹಾಕಿದಾಳೆ. ಕ್ಲಾಸೆಲ್ಲ ನನ್ನನ್ನ ಆಡ್ಕೊಂಡು ನಗ್ತಿದೆ."

ಕೋಣೆಯೊಳಗಿಂದಲೇ ದಾನ್‌ಬಿ, "ನೀನೂ ತಿದ್ಕೊಂಡು ಹಾಕ್ಬೇಕಿತ್ತು. ಅವರವರ ಮುಖ ಅವರವರು ನೋಡ್ಕೋಬೇಕು, ಎಲ್ರೂ ಮಾಡೋದೇ ಹಾಗೆ" ಎಂದಳು.

"ನಂಗೆ ಮುಂಚಿನ ದಾನ್‌ಬೀನೇ ಬೇಕು ಕಣೆ."

ಕೋಣೆಯ ಬಾಗಿಲು ಧಡಾರನೆ ಮುಚ್ಚಿಕೊಂಡಿತು. ಬೊರಾಮ್ ಮತ್ತೆ ಈ ಮನೆಯ ಹೊಸ್ತಿಲು ತುಳಿಯಲಿಲ್ಲ.

ಮಿರಾನ್ ಮಗಳನ್ನು ಕ್ಲಿನಿಕ್ಕೊಂದಕ್ಕೆ ಕರೆದೊಯ್ದು ತೂಕ ಇಳಿಸುವ ಮಾತ್ರೆ ಕೊಡಿಸಿದಳು. ಬೆಳೆಯುವ ಮಗುವಿಗೆ ಇದೇನು ಶಿಕ್ಷೆ ಎಂದು ಅಜ್ಜಿ ಕೂಗಾಡಿದರು. ಮಗ ಗ್ಯುಹೊ ಶೂ ಹಾಕಿಕೊಳ್ಳುತ್ತ, "ಹೆಂಗಸರ ವಿಷಯ ಅಮ್ಮ, ನಂಗೇನು ಗೊತ್ತಾಗತ್ತೆ" ಎಂದು ಜಾರಿಕೊಂಡ. ಗೊತ್ತಾಗದಿರುವುದೂ ಗಂಡಸರಿಗೆ ಎಂಥ ಅನುಕೂಲ ನೋಡಿ! ಕೊನೆಗೆ ಅಜ್ಜಿಯೇ ಗಂಜಿ ಮಾಡಿಕೊಂಡು ಕೋಣೆಗೆ ಹೋದರು.

"ಎರಡೇ ಎರಡು ಚಮಚ ಕುಡಿ, ಕೂಸೆ."

"ಅಜ್ಜಿ, ನಾನು ನಿಜವಾಗ್ಲೂ ಅಷ್ಟು ಕೆಟ್ಟದಾಗಿದೀನಾ?"

"ಯಾವ ಬಾಯಿ ಹಾಗಂದಿದ್ದು?"

"ಬಾಯಿಬಿಟ್ಟು ಯಾರೂ ಹೇಳ್ಬೇಕಿಲ್ಲ. ಅಮ್ಮ ನನ್ನ ಒಂದು ಪಟಾನಾದ್ರೂ ಹಾಗೇ ಬಿಟ್ಟಿದಾರಾ?"

ಅಜ್ಜಿಯ ಕೈಯಲ್ಲೇ ಗಂಜಿ ಆರಿ ಕೆನೆಗಟ್ಟಿತು.

ಚಳಿ ಶುರುವಾಗುವ ಹೊತ್ತಿಗೆ, ಶಾಲೆಯ ಮೈದಾನದಲ್ಲಿ ಓಡುತ್ತಿದ್ದ ದಾನ್‌ಬಿ ಕುಸಿದು ಬಿದ್ದಳು. ಮತ್ತೆ ಏಳಲಿಲ್ಲ. ಉಪವಾಸದ ಮೈಗೆ ಆ ಮಾತ್ರೆ ಸೇರಿ ಗುಂಡಿಗೆ ತಡೆಯಲಿಲ್ಲ ಎಂದರು ಡಾಕ್ಟರು.

ಆಸ್ಪತ್ರೆಯ ನೆಲಮಾಳಿಗೆಯ ಅಂತ್ಯಕ್ರಿಯೆಯ ಕೋಣೆಯಲ್ಲಿ ಬಿಳಿ ಸೇವಂತಿಗೆಯ ನಡುವೆ, ಕಪ್ಪು ಪಟ್ಟಿ ಕಟ್ಟಿದ ಪಟ ಇಟ್ಟಿದ್ದರು. ಆರಿಸಿ ಕೊಟ್ಟವಳು ಮಿರಾನ್. ಮಗನ ಕೈಹಿಡಿದು ಬಂದ ಅಜ್ಜಿ ಅದನ್ನೇ ನೋಡುತ್ತ ನಿಂತರು.

"ಇದ್ಯಾರೋ ಗ್ಯುಹೊ?"

"ಅಮ್ಮಾ... ನಮ್ಮ ದಾನ್‌ಬಿ."

"ಈ ಹುಡುಗಿ ನಂಗೆ ಗೊತ್ತಿಲ್ಲ. ಇವಳನ್ನ ನೋಡಿ ನಾನು ಹ್ಯಾಗೋ ಅಳ್ಲಿ? ಮಚ್ಚೆ ಇರೋ ನನ್ನ ಮೊಮ್ಮಗಳನ್ನ ತನ್ನಿ."

ಹುಡುಕಿದರು. ತಾಯಿಯ ಮೊಬೈಲು, ಮಗಳ ಮೊಬೈಲು, ಎರಡನ್ನೂ ಜಾಲಾಡಿದರು. ರಾಶಿ ರಾಶಿ ಪಟಗಳು, ಒಂದರಲ್ಲೂ ದಾನ್‌ಬಿ ಇಲ್ಲ. ಓದುತ್ತಿರುವವರೇ, ನಿಮ್ಮ ಮಗಳದಾದರೂ ಒಂದು ಸಿಗುತ್ತದೆಯೇ, ಈಗಲೇ ಹುಡುಕಿ ನೋಡಿ.

ಆಗ ಬಾಗಿಲ ಬಳಿ ಸಮವಸ್ತ್ರದಲ್ಲಿ ನಿಂತಿದ್ದ ಬೊರಾಮ್ ಮುಂದೆ ಬಂದಳು. ಅತ್ತೂ ಅತ್ತೂ ಮುಖ ಊದಿತ್ತು. "ನನ್ನ ಹತ್ರ ಇದೆ ಅಜ್ಜಿ. ಜಗಳ ಆಯ್ತಲ್ಲ, ಅದೇ ಪಟ. ಹಬ್ಬದ ಹಿಂದಿನ ವಾರ ನನ್ನ ಮೊಬೈಲಲ್ಲೇ ತೆಗೆದಿದ್ದು, ಅವಳು ತಿದ್ದೋಕೆ ಮುಂಚಿನದು."

ಬೊರಾಮ್‌ಳ ಪಕ್ಕ, ಬಾಯಿತುಂಬ ಖಾರದ ಅಕ್ಕಿ ಕಡುಬಿನ ತುಂಡು ತುರುಕಿಕೊಂಡು, ನಗುವಿನ ಭರಕ್ಕೆ ಕಣ್ಣು ಗೀಟಾಗಿ, ಕೆನ್ನೆ ಉಬ್ಬಿಸಿಕೊಂಡು ಕೂತಿದ್ದಳು ದಾನ್‌ಬಿ. ಗಲ್ಲದ ಮೇಲೆ ಕೆಂಪು ಗೊಜ್ಜು, ಪಕ್ಕದಲ್ಲೇ ಮಚ್ಚೆ.

"ಬೇಡ ಅತ್ತೆ," ಮಿರಾನ್ ಅಡ್ಡ ಬಂದಳು, "ಜನ ಬರ್ತಿದಾರೆ. ಅವಳಿಗೇ ಆ ಮುಖ ಇಷ್ಟ ಇರ್ಲಿಲ್ಲ."

"ಇಷ್ಟ ಇಲ್ದಿರೋ ಹಾಗೆ ಮಾಡಿದ್ದು ಯಾರೆ? ದಿನಾ ಒಂದಿಷ್ಟು ಅಳಿಸ್ತಾ ಬಂದೆ, ಈಗ ಪೂರ್ತಿ ಅಳಿಸಿಹೋದ್ಲು. ಇನ್ನೇನು ಉಳಿದಿದೆ ಅಂತ ಅಡ್ಡ ನಿಂತಿದೀಯ?"

ಅಜ್ಜಿ ತಾವೇ ಆ ಚೆಲುವೆಯ ಪಟ ಇಳಿಸಿ, ಮುಖ ಕೆಳಗೆ ಮಾಡಿ ಇಟ್ಟರು. ಆಸ್ಪತ್ರೆಯಲ್ಲೇ ಇಂಥ ಪಟ ಮಾಡಿಕೊಡುವ ಯುವಕ ಬೊರಾಮ್‌ಳ ಮೊಬೈಲು ತೆಗೆದುಕೊಂಡು ವಿನಯದಿಂದಲೇ ಕೇಳಿದ, "ಗೊಜ್ಜು ಒರೆಸಿ, ಮುಖ ಒಂಚೂರು ಸಣ್ಣ ಮಾಡಿ ಕೊಡ್ಲಾ ಅಜ್ಜಿ? ಎಲ್ರಿಗೂ ಮಾಡ್ಕೊಡ್ತೀವಿ."

"ಬೆರಳು ತಾಗಿಸಿದ್ರೆ ಜೋಕೆ!"

ದಾನ್‌ಬಿಯೊಬ್ಬಳನ್ನೇ ಕತ್ತರಿಸಿ ತೆಗೆದ ಹೊಸ ಪಟ ಬಂತು. ಅಜ್ಜಿ ಅದರ ಮುಂದೆ ಕೂತು ಮನಸಾರೆ ಅತ್ತರು. ಮಿರಾನ್ ಅಲ್ಲಿಯವರೆಗೆ ಒಂದು ಹನಿ ಕಣ್ಣೀರು ಹಾಕಿರಲಿಲ್ಲ. ಈಗ ಮೆಲ್ಲಗೆ ಹತ್ತಿರ ಬಂದು, ಗಾಜಿನ ಮೇಲೆ, ಆ ಮಚ್ಚೆಯ ಮೇಲೆ ಬೆರಳಿಟ್ಟಳು. ಎಷ್ಟೋ ವರ್ಷ ಅದನ್ನು ಅಳಿಸಿದ್ದ ಬೆರಳೇ ಅದು. ಆಮೇಲೆ ಮಗಳ ಹೆಸರು ಹಿಡಿದು ಕೂಗತೊಡಗಿದಳು.