ಎದೆಮೂಳೆಯ ತುದಿ

ಮೂಳೆಯನ್ನು ನೋಡಿ ಅವನಿಗೆ ನಾಚಿಕೆಯಾಯಿತು.

ಸಣ್ಣ ಬಾಟಲಿಯೊಳಗೆ, ಹೆಬ್ಬೆರಳ ಉಗುರಿನಷ್ಟು. ಮೂರು ವರ್ಷ ತನ್ನ ನಿದ್ದೆ ಕೆಡಿಸಿದ್ದು ಇದಂತೆ. ಒಂದು ಕಪ್ಪೆಯಷ್ಟಾದರೂ ಇದ್ದೀತು ಎಂದುಕೊಂಡಿದ್ದ.

"ಎದೆಮೂಳೆಯ ತುದಿ, ಮೇಷ್ಟ್ರೇ," ಎಂದರು ಸರ್ಜನ್. "ನಿಮ್ಮದು ಹೊರಕ್ಕೆ ಬಾಗಿತ್ತು. ಬಗ್ಗಿದಾಗೆಲ್ಲ ಚುಚ್ತಿತ್ತು. ಬೆಳಿಗ್ಗೆ ಕತ್ತರಿಸಿ ತೆಗೆದ್ವಿ, ಅಷ್ಟೇ."

"ಅದರಿಂದ ಏನು ಉಪಯೋಗ ಇತ್ತು ಡಾಕ್ಟ್ರೇ?"

"ಏನೂ ಇಲ್ಲ. ಇಲ್ಲದಿದ್ರೂ ನಡೆಯುತ್ತೆ."

ಈ ಮಾತು ಮೂಳೆಯ ಬಗ್ಗೆಯೋ ತನ್ನ ಬಗ್ಗೆಯೋ ಎಂದು ಅವನು ಕೊಂಚ ಹೊತ್ತು ಯೋಚಿಸಿದ.

ಕಾಲೇಜಿನಲ್ಲಿ ಅವನು ತರ್ಕಶಾಸ್ತ್ರದ ಮೇಷ್ಟ್ರು. ಕಾರಣವಿಲ್ಲದೆ ಕಾರ್ಯವಿಲ್ಲವೆಂದು ಹದಿನೆಂಟು ವರ್ಷ ಬೋರ್ಡಿನ ಮೇಲೆ ಬರೆದವನಿಗೆ ಕಾರಣವೇ ಇಲ್ಲದ ನೋವು ಬಂದಿತ್ತು. ಹೃದಯದ ಡಾಕ್ಟರು ಇದು ಹೊಟ್ಟೆಯದು ಎಂದರು. ಹೊಟ್ಟೆಯ ಡಾಕ್ಟರು ಟ್ಯೂಬು ಇಳಿಸಿ ನೋಡಿ, ಹೊಟ್ಟೆ ಚೊಕ್ಕಟವಾಗಿದೆ, ಮನಸ್ಸಿನದಿರಬಹುದು ಎಂದರು. ಮನಸ್ಸಿನ ಡಾಕ್ಟರು ಮುಕ್ಕಾಲು ಗಂಟೆ ಅವನ ತಾಯಿಯ ವಿಚಾರ ಕೇಳಿ, ಕೊನೆಗೆ, ಹೃದಯ ತೋರಿಸಿದ್ದೀರಾ ಎಂದರು. ಈ ಸರ್ಜನ್ ಮಾತ್ರ ಹೆಬ್ಬೆರಳಿಂದ ಒಂದು ಕಡೆ ಒತ್ತಿದ್ದರು. ಅವನು ಕಿರುಚಿದ್ದ. ಹೊರಗೆ ಕೂತಿದ್ದ ಹೆಂಡತಿ ಒಳಗೆ ಓಡಿಬಂದು, ಕಳೆದ ಬೀಗದ ಕೈ ಕಂಡವಳಂತೆ, "ಸಿಕ್ತಾ?" ಎಂದಿದ್ದಳು.

ನಾಲ್ಕು ಗಂಟೆಗೆ ಅವಳು ಬಂದಳು. ಬಾಟಲಿಯನ್ನು ಬೆಳಕಿಗೆ ಹಿಡಿದಳು.

"ಇಷ್ಟೇನಾ?"

"ಇಷ್ಟೇ."

"ನೋವು?"

"ಹೊಲಿಗೆ ಎಳೀತಿದೆ. ಆ ನೋವಿಲ್ಲ."

"ಸದ್ಯ," ಎಂದು ಸ್ಟೂಲಿನ ಮೇಲೆ ಕುಳಿತಳು.

ಆಮೇಲೆ ಮಾತು ಹೊರಡಲಿಲ್ಲ. ಮೂರು ವರ್ಷ, ಬೆಳಿಗ್ಗೆ ಎದ್ದರೆ "ಹೇಗಿದೆ?", ಕಾಲೇಜಿನಿಂದ ಬಂದರೆ "ಹೇಗಿದೆ?". ಅದಕ್ಕೂ ಮುಂಚೆ ತಾವಿಬ್ಬರು ಏನು ಮಾತಾಡುತ್ತಿದ್ದೆವು ಎಂದು ನೆನಪಿಸಿಕೊಳ್ಳಲು ನೋಡಿದ. ಮದುವೆಯಾದ ಹೊಸದರಲ್ಲಿ ಒಂದು ಫ್ಯಾನು ಕೊಳ್ಳುವ ಕುರಿತು ಬಹಳ ದಿನ ಮಾತಾಡಿದ್ದರು. ಕೊಂಡಾಯಿತು.

ಅವಳು ಕಿಟಕಿ ನೋಡಿದಳು. ಅವನು ಗ್ಲೂಕೋಸಿನ ಹನಿ ಎಣಿಸಿದ. ನರ್ಸ್ ಬಂದು ಜ್ವರ ನೋಡಿ ಹೋದಳು. ಇಬ್ಬರೂ ಅವಳಿಗೆ ಬೇಕಾದ್ದಕ್ಕಿಂತ ಹೆಚ್ಚು ಥ್ಯಾಂಕ್ಸ್ ಹೇಳಿದರು.

"ಹಾಗಾದ್ರೆ ನಾನು ಹೊರಡ್ಲಾ?" ಭೇಟಿಯ ಹೊತ್ತು ಮುಗಿಯಲು ಇನ್ನೂ ನಲವತ್ತು ನಿಮಿಷವಿತ್ತು. ಬ್ಯಾಗು ಆಗಲೇ ಅವಳ ಹೆಗಲೇರಿತ್ತು.

"ಸ್ವಲ್ಪ ನೋಯ್ತಿದೆ," ಎಂದುಬಿಟ್ಟ.

ಅವಳು ಗಕ್ಕನೆ ತಿರುಗಿದಳು. ಮುಖಕ್ಕೆ ಕಳೆ ಬಂತು.

"ಹೊಲಿಗೇನಾ?"

"ಅಲ್ಲ. ಬೇರೆ. ಒಳಗೆ."

"ನಂಗೊತ್ತಿತ್ತು!" ಬ್ಯಾಗು ನೆಲಕ್ಕಿಳಿಯಿತು. ಸ್ಟೂಲು ಮಂಚಕ್ಕೆ ತಾಗುವಷ್ಟು ಹತ್ತಿರ ಬಂತು. ಕನ್ನಡಕ ಹಾಕಿಕೊಂಡು ಅವನ ಮೇಲೆ ಬಾಗಿದಳು. "ಎಲ್ಲಿ ರೀ? ಸರಿಯಾಗಿ ತೋರ್ಸಿ."

ಅವನು ಅಂಗಿಯ ಗುಂಡಿ ಬಿಚ್ಚಿ ತೋರುಬೆರಳನ್ನು ಎದೆಯ ಮೇಲಿಟ್ಟ. ಇಲ್ಲಲ್ಲ. ಬ್ಯಾಂಡೇಜಿನ ಅಂಚು ಬಳಸಿ ಎಡಕ್ಕೆ ಹೋದ, ಬಲಕ್ಕೆ ಬಂದ, ಪಕ್ಕೆಲುಬಿನ ಸಂದುಗಳಲ್ಲಿ ಒಂದೊಂದಾಗಿ ಇಳಿದ. ಎಲ್ಲಿ ಒತ್ತಿದರೂ ಬರೀ ಚರ್ಮ. ಅವಳು ಉಸಿರು ಬಿಗಿಹಿಡಿದು ಕಾಯುತ್ತಿದ್ದಳು. ಬೆರಳು ಮತ್ತೆ ಮೇಲಿನಿಂದ ಹುಡುಕತೊಡಗಿತು.